ಮಂಡಿ ಹಿಂದಿನ ಆ ಪುಟ್ಟ ಗಂಟು: ಸೈನೋವಿಯಲ್ ಸಾರ್ಕೋಮಾದಲ್ಲಿ ಯಾವುದು ಮೊದಲು, ಯಾವುದು ಆಮೇಲೆ

ನಮ್ಮಕ್ಕನ ಮಗನಿಗೆ ಆಗ 19 ವರ್ಷ. ಎಡಗಾಲಿನ ಮಂಡಿಯ ಹಿಂದೆ, ಕಾಲು ಮಡಿಸಿದಾಗ ಗುಳಿ ಬೀಳುವ ಜಾಗದಲ್ಲಿ, ನೆಲ್ಲಿಕಾಯಿ ಗಾತ್ರದ ಗಂಟು. ಎರಡು ವರ್ಷದಿಂದ ಇತ್ತಂತೆ. ವಾಲಿಬಾಲ್ ಆಡುವಾಗ ಬಿದ್ದ ಏಟಿಗೆ ಆಗಿದ್ದು ಅಂತ ಅವನು. ಹರಳೆಣ್ಣೆ ಹಚ್ಚಿ ತಿಕ್ಕಿದರೆ ಕರಗುತ್ತೆ ಅಂತ ಅವರಜ್ಜಿ. ಊರಿನ ನರ್ಸಿಂಗ್ ಹೋಮಿನಲ್ಲಿ ನೋಡಿದವರು, "ನೀರುಗಂಟು ಕಣಮ್ಮ, ಅರ್ಧ ಗಂಟೆ ಕೆಲಸ" ಅಂದರು. ತೆಗೆದರು. ಸಂಜೆ ಹೊತ್ತಿಗೆ ಹುಡುಗ ಮನೆಯಲ್ಲಿದ್ದ. ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸಲಿಲ್ಲ, ನಾವೂ ಕೇಳಲಿಲ್ಲ. ಏಳು ತಿಂಗಳಿಗೆ ಅದೇ ಹೊಲಿಗೆಯ ಕೆಳಗೆ ಮತ್ತೆ ಬಂತು, ಈ ಸಲ ನಿಂಬೆಹಣ್ಣಿನಷ್ಟು. ಆಗ ಮಾಡಿಸಿದ ಬಯಾಪ್ಸಿಯಲ್ಲಿ ಬಂದ ಹೆಸರು ಸೈನೋವಿಯಲ್ ಸಾರ್ಕೋಮಾ, ಒಂದು ಅಪರೂಪದ ಕ್ಯಾನ್ಸರ್.

ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ವೈದ್ಯೆ ಅಲ್ಲ. ಅಕ್ಕನ ಜೊತೆ ಆಸ್ಪತ್ರೆಯ ಬೆಂಚುಗಳ ಮೇಲೆ ನಾಲ್ಕು ವರ್ಷ ಕೂತು, ಕಂಡ ವೈದ್ಯರನ್ನೆಲ್ಲ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ವೈದ್ಯರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದಕ್ಕೆ ಇದು ಸಹಾಯವಾಗಲಿ. ಬರೆಯುವುದರಲ್ಲಿ ಎಲ್ಲಕ್ಕಿಂತ ಒತ್ತಿ ಹೇಳಬೇಕಾದ್ದು ಕೆಲಸದ ಕ್ರಮ: ಮೊದಲು ಸ್ಕ್ಯಾನ್, ಆಮೇಲೆ ಸೂಜಿ, ಕೊನೆಗೆ ಕತ್ತಿ. ನಮ್ಮ ಹುಡುಗನಿಗೆ ಕತ್ತಿಯೇ ಮೊದಲಾಯಿತು.

ಹೆಸರು ಒಂದು, ವಿಷಯ ಇನ್ನೊಂದು

ಸ್ನಾಯು, ಕೊಬ್ಬು, ನರ, ರಕ್ತನಾಳ, ಕೀಲಿನ ಸುತ್ತಲಿನ ಪೊರೆ ಇವನ್ನೆಲ್ಲ ಸೇರಿಸಿ ಮೃದು ಅಂಗಾಂಶ ಅನ್ನುತ್ತಾರೆ. ಅಲ್ಲಿ ಹುಟ್ಟುವ ಕ್ಯಾನ್ಸರ್ ಗಡ್ಡೆಗೆ ಸಾರ್ಕೋಮಾ ಎಂದು ಹೆಸರು. ವಯಸ್ಕರಿಗೆ ಬರುವ ಕ್ಯಾನ್ಸರುಗಳಲ್ಲಿ ಇದರ ಪಾಲು ಹೆಚ್ಚುಕಡಿಮೆ ನೂರಕ್ಕೆ ಒಂದು. ಅದರಲ್ಲೂ ಐವತ್ತಕ್ಕಿಂತ ಹೆಚ್ಚು ಬಗೆಗಳಿವೆ. ಸೈನೋವಿಯಲ್ ಸಾರ್ಕೋಮಾ ಎಂಬುದು ಈ ಸಾರ್ಕೋಮಾಗಳಲ್ಲಿ ನೂರಕ್ಕೆ 5ರಿಂದ 10. ಅಂದರೆ ಸಾವಿರ ಜನ ಕ್ಯಾನ್ಸರ್ ರೋಗಿಗಳನ್ನು ನೋಡಿದರೆ ಹೆಚ್ಚೆಂದರೆ ಒಬ್ಬರಿಗೆ. ಊರಿನ ವೈದ್ಯರು ಇಡೀ ವೃತ್ತಿಯಲ್ಲಿ ಒಂದನ್ನೂ ಕಾಣದೆ ಇರಬಹುದು. ಅವರ ಮೇಲಿನ ನನ್ನ ಸಿಟ್ಟು ಇಳಿಯಲು ಈ ಲೆಕ್ಕ ಸ್ವಲ್ಪ ಸಹಾಯ ಮಾಡಿತು. ಆದರೂ ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸದಿದ್ದುದಕ್ಕೆ ಸಮಾಧಾನ ಇವತ್ತಿಗೂ ಆಗಿಲ್ಲ.

ಸೈನೋವಿಯಂ ಅಂದರೆ ಕೀಲಿನ ಒಳಪೊರೆ. ಸೂಕ್ಷ್ಮದರ್ಶಕದಲ್ಲಿ ಈ ಗಡ್ಡೆ ಆ ಪೊರೆಯ ಹಾಗೆ ಕಂಡದ್ದರಿಂದ ಹಿಂದಿನವರು ಈ ಹೆಸರಿಟ್ಟರು. ಗಡ್ಡೆ ಆ ಪೊರೆಯಿಂದ ಹುಟ್ಟುವುದಿಲ್ಲ ಎಂದು ಆಮೇಲೆ ಗೊತ್ತಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. ಕೀಲಿನ ಹತ್ತಿರ ಬರುತ್ತದೆ, ಕೀಲಿನ ಒಳಗೆ ಬರುವುದು ಬಹಳ ಕಡಿಮೆ. ಮಂಡಿಯ ಸುತ್ತಮುತ್ತ ಹೆಚ್ಚು. ಪಾದ, ಹಿಮ್ಮಡಿ, ಮುಂಗೈ, ಭುಜದ ಹತ್ತಿರವೂ ಬರಬಹುದು. ಕುತ್ತಿಗೆ, ಶ್ವಾಸಕೋಶ, ಹೊಟ್ಟೆಯ ಗೋಡೆಯಲ್ಲಿ ಕಂಡದ್ದೂ ಉಂಟು. ಹೆಚ್ಚಾಗಿ 15ರಿಂದ 40ರ ಒಳಗಿನವರಿಗೆ ಬರುವ ಕಾಯಿಲೆ ಇದು. "ಈ ವಯಸ್ಸಿಗೆ ಎಲ್ಲಿಯ ಕ್ಯಾನ್ಸರ್" ಎಂಬ ಮಾತೇ ತಡ ಮಾಡಿಸುತ್ತದೆ.

ಇದು ಯಾಕೆ ಬರುತ್ತದೆ? ದೇಹದ ಯಾವುದೋ ಒಂದು ಕೋಶದಲ್ಲಿ ಎಕ್ಸ್ ವರ್ಣತಂತುವಿನ ಒಂದು ಚೂರು ಮತ್ತು 18ನೇ ವರ್ಣತಂತುವಿನ ಒಂದು ಚೂರು ಜಾಗ ಅದಲುಬದಲು ಮಾಡಿಕೊಳ್ಳುತ್ತವೆ. ಎಸ್‌ಎಸ್18 ಎಂಬ ಜೀನು ಹೋಗಿ ಎಸ್‌ಎಸ್‌ಎಕ್ಸ್ ಎಂಬ ಜೀನಿನ ಜೊತೆ ಬೆಸೆದುಕೊಳ್ಳುತ್ತದೆ. ಹಾಗೆ ಬೆಸೆದ ಜೀನು ತಯಾರಿಸುವ ಪ್ರೋಟೀನು ಕೋಶದ ಬೆಳವಣಿಗೆಯ ಲಗಾಮನ್ನು ಕಳಚುತ್ತದೆ. ಈ ಬೆಸುಗೆ ಸೈನೋವಿಯಲ್ ಸಾರ್ಕೋಮಾ ಆದವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನರಿಗೆ ಕಾಣುತ್ತದೆ. ರೋಗ ಇದೇ ಎಂದು ಖಚಿತಪಡಿಸುವುದೂ ಇದರಿಂದಲೇ. ಇದು ಹುಟ್ಟಿನಿಂದ ಬಂದದ್ದಲ್ಲ, ತಂದೆತಾಯಿಯಿಂದ ಇಳಿದದ್ದೂ ಅಲ್ಲ, ಮಕ್ಕಳಿಗೆ ಇಳಿಯುವುದೂ ಇಲ್ಲ. ಇದನ್ನು ಬಿಡಿಸಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಹುಡುಗನ ತಂಗಿಗೆ ಗಂಡು ನೋಡುವಾಗ "ಮನೆತನದಲ್ಲಿ ಇದೆಯಂತಲ್ಲ" ಎಂಬ ಪ್ರಶ್ನೆ ಬಂತು. ಮನೆತನಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿದ್ದ ಏಟಿಗೂ ಸಂಬಂಧವಿಲ್ಲ. ಏಟು ಬಿದ್ದಾಗ ಕೈಯಿಟ್ಟು ನೋಡುತ್ತೇವೆ, ಮೊದಲೇ ಇದ್ದ ಗಂಟು ಆಗ ಕೈಗೆ ಸಿಗುತ್ತದೆ, ಅಷ್ಟೆ.

ಮೊದಲ ಹೆಜ್ಜೆ: ಯಾವ ಗಂಟನ್ನು ಬಿಡಬಾರದು

ಮೈಮೇಲಿನ ಗಂಟುಗಳಲ್ಲಿ ಬಹುಪಾಲು ಕೊಬ್ಬಿನ ಗಡ್ಡೆ, ನೀರುಗಂಟು, ದುಗ್ಧಗ್ರಂಥಿಯ ಊತ. ಎಲ್ಲಕ್ಕೂ ಹೆದರಿ ಓಡಬೇಕಿಲ್ಲ. ಅನುಮಾನ ಪಡಬೇಕಾದ್ದು ಹೀಗಿರುವುದನ್ನು: 5 ಸೆಂಟಿಮೀಟರಿಗಿಂತ, ಅಂದರೆ ಸುಮಾರಾಗಿ ಒಂದು ದಪ್ಪ ನಿಂಬೆಹಣ್ಣಿಗಿಂತ ದೊಡ್ಡದು, ಬೆಳೆಯುತ್ತಲೇ ಇರುವುದು, ಚರ್ಮದಡಿ ಜಾರಾಡದೆ ಆಳದಲ್ಲಿ ಕಚ್ಚಿಕೊಂಡಿರುವುದು, ಒಮ್ಮೆ ತೆಗೆಸಿದ ಮೇಲೆ ಮತ್ತೆ ಬಂದದ್ದು. ಇವುಗಳಲ್ಲಿ ಒಂದಿದ್ದರೂ ಸಾಕು, ತೋರಿಸಬೇಕು.

ಇಲ್ಲಿ ಸೈನೋವಿಯಲ್ ಸಾರ್ಕೋಮಾದ್ದು ಬೇರೆಯೇ ಚಾಳಿ. ಅದು ಬಹಳ ನಿಧಾನವಾಗಿ ಬೆಳೆಯಬಹುದು. ವರ್ಷಗಟ್ಟಲೆ ಚಿಕ್ಕದಾಗಿಯೇ ಇರಬಹುದು. ಗಂಟು ಕಾಣುವ ಮೊದಲೇ ಆ ಜಾಗದಲ್ಲಿ ನೋವು ಶುರುವಾಗಿರಬಹುದು. "ಎರಡು ವರ್ಷದಿಂದ ಇದೆ, ಕ್ಯಾನ್ಸರ್ ಆಗಿದ್ದರೆ ಇಷ್ಟೊತ್ತಿಗೆ ಗೊತ್ತಾಗುತ್ತಿತ್ತು" ಎಂಬ ಸಮಾಧಾನ ಈ ಕಾಯಿಲೆಯ ಮಟ್ಟಿಗೆ ಕೆಲಸಕ್ಕೆ ಬಾರದು. ನೋವಿದೆಯೋ ಇಲ್ಲವೋ ಎಂಬುದರಿಂದಲೂ ತೀರ್ಮಾನಿಸಲಾಗದು.

ಮನೆಯಲ್ಲಿ ಮಾಡಬಹುದಾದ ಒಂದು ಕೆಲಸವಿದೆ. ದರ್ಜಿಯ ಟೇಪಿನಿಂದ ಗಂಟಿನ ಉದ್ದ ಅಗಲ ಅಳೆದು, ದಿನಾಂಕ ಹಾಕಿ ಬರೆದಿಡಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. "ಸ್ವಲ್ಪ ದೊಡ್ಡದಾದಂಗಿದೆ" ಎನ್ನುವುದಕ್ಕೂ "ಯುಗಾದಿ ಹೊತ್ತಿಗೆ 2 ಸೆಂಟಿಮೀಟರ್, ಈಗ 3" ಎನ್ನುವುದಕ್ಕೂ ವೈದ್ಯರ ಕಿವಿಗೆ ಬಹಳ ವ್ಯತ್ಯಾಸವಿದೆ. ತಿಕ್ಕುವುದು, ಬಿಗಿಯಾಗಿ ಕಟ್ಟುವುದು, ಬರೆ ಹಾಕಿಸುವುದು, ಸೂಜಿ ಚುಚ್ಚಿ ನೀರು ತೆಗೆಸಲು ಹೋಗುವುದು ಇವು ಯಾವುವೂ ಬೇಡ.

ಎರಡನೆಯದು: ಕತ್ತಿಗೂ ಮೊದಲು ಸ್ಕ್ಯಾನ್

ಅಲ್ಟ್ರಾಸೌಂಡ್ ಸಾಮಾನ್ಯವಾಗಿ ಮೊದಲು. ಗಂಟಿನೊಳಗೆ ಬರೀ ನೀರಿದೆಯೋ, ಗಟ್ಟಿ ಭಾಗವಿದೆಯೋ, ಒಳಗೆ ರಕ್ತ ಹರಿಯುತ್ತಿದೆಯೋ ಅದರಲ್ಲಿ ತಿಳಿಯುತ್ತದೆ. ಎಕ್ಸ್‌ರೇಯಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಗಡ್ಡೆಯೊಳಗೆ ಸುಣ್ಣದ ಚುಕ್ಕೆಗಳು ಕಾಣುತ್ತವೆ. ಆದರೆ ಮುಖ್ಯವಾದದ್ದು ಎಂಆರ್‌ಐ. ಅದನ್ನು ಕಾಂಟ್ರಾಸ್ಟ್ ಔಷಧಿ ಕೊಟ್ಟು ಮಾಡಿಸಬೇಕು. ಸೈನೋವಿಯಲ್ ಸಾರ್ಕೋಮಾ ಒಳಗೆ ರಕ್ತ, ನೀರು ತುಂಬಿಕೊಂಡು ನೀರುಗಂಟಿನ ವೇಷದಲ್ಲಿ ಕಾಣಿಸಿಕೊಳ್ಳಬಲ್ಲದು. ಕಾಂಟ್ರಾಸ್ಟ್ ಕೊಟ್ಟಾಗ ಬರೀ ನೀರಿದ್ದ ಕಡೆ ಬಣ್ಣ ಏರುವುದಿಲ್ಲ, ಜೀವವಿರುವ ಗಡ್ಡೆಯ ಭಾಗ ಬೆಳಗುತ್ತದೆ. ಕಾಂಟ್ರಾಸ್ಟ್ ಕೊಡುವ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಕೇಳುವ ಕಡೆ, ಹಿಂದಿನ ರಿಪೋರ್ಟ್ ಇದ್ದರೆ ಒಯ್ಯಿರಿ.

ಮಂಡಿಯ ಹಿಂದೆ ಬೇಕರ್ಸ್ ಸಿಸ್ಟ್ ಎಂಬ ನೀರುಚೀಲ ಸಾಮಾನ್ಯ. ಅದು ಹೆಚ್ಚಾಗಿ ಕೀಲು ಸವೆದವರಲ್ಲಿ ಬರುತ್ತದೆ, ಕೀಲಿಗೆ ಸಣ್ಣ ಕುತ್ತಿಗೆಯ ಹಾಗೆ ಸೇರಿಕೊಂಡಿರುತ್ತದೆ. ಕೀಲಿಗೆ ಸಂಪರ್ಕವಿಲ್ಲದ, ಒಳಗೆ ಗಟ್ಟಿ ಇರುವ ಗಂಟು ಇಪ್ಪತ್ತರ ಹುಡುಗನಿಗೆ ಇದ್ದರೆ "ಇದು ಸಿಸ್ಟ್ ಅಂತ ಹೇಗೆ ಗೊತ್ತು ಡಾಕ್ಟ್ರೇ, ಎಂಆರ್‌ಐ ಮಾಡಿಸಿ ನೋಡೋಣವಾ?" ಎಂದು ಕೇಳಿ. ನಾವು ಕೇಳಬೇಕಾಗಿದ್ದ ಪ್ರಶ್ನೆ ಅದು.

ಬಯಾಪ್ಸಿ ಆದ ಮೇಲೆ ಎಂಆರ್‌ಐ ಮಾಡಿಸಿದರೆ ಸೂಜಿಯಿಂದಾದ ರಕ್ತದ ಗುರುತು, ಊತ ಎಲ್ಲ ಸೇರಿ ಚಿತ್ರ ಕಲಸುತ್ತದೆ. ಹಾಗಾಗಿ ಎಂಆರ್‌ಐ ಮೊದಲು.

ಮೂರನೆಯದು: ಬಯಾಪ್ಸಿ, ಅದೂ ಸರಿಯಾದ ಕೈಯಲ್ಲಿ

"ಗಡ್ಡೆಗೆ ಸೂಜಿ ತಾಗಿದರೆ ಹರಡುತ್ತದೆ" ಎಂದು ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಅಕ್ಕನೂ ಇದೇ ಹೆದರಿಕೆಯಲ್ಲಿ ಹತ್ತು ದಿನ ತಡ ಮಾಡಿದಳು. ಬಯಾಪ್ಸಿ ಇಲ್ಲದೆ ಯಾವ ಗಡ್ಡೆ ಎಂದು ಗೊತ್ತಾಗದು, ಗೊತ್ತಾಗದೆ ಚಿಕಿತ್ಸೆ ಶುರುವಾಗದು. ಸೂಜಿ ಹೋದ ದಾರಿಯಲ್ಲಿ ಕೆಲವು ಕೋಶಗಳು ಉಳಿಯುವ ಸಣ್ಣ ಸಾಧ್ಯತೆ ಇರುವುದು ನಿಜ. ಅದಕ್ಕೇ ಸಾರ್ಕೋಮಾ ತಿಳಿದ ಶಸ್ತ್ರಚಿಕಿತ್ಸಕರು ಸೂಜಿ ಎಲ್ಲಿಂದ ಹೋಗಬೇಕು ಎಂದು ಮೊದಲೇ ಯೋಚಿಸುತ್ತಾರೆ. ಮುಂದೆ ಆಪರೇಷನ್ ಮಾಡುವಾಗ ಆ ದಾರಿಯನ್ನೂ ಗಡ್ಡೆಯ ಜೊತೆಗೇ ತೆಗೆಯುತ್ತಾರೆ. ಸೂಜಿಯ ದಾರಿ ಯಾವ ಸ್ನಾಯುವಿನ ಮೂಲಕ ಹೋಗುತ್ತದೆ, ನರದ ಪಕ್ಕ ಹೋಗುತ್ತದೆಯೇ, ಇನ್ನೊಂದು ಭಾಗವನ್ನು ಕೆಡಿಸುತ್ತದೆಯೇ ಎಂಬುದು ಮುಂದೆ ಕಾಲು ಉಳಿಸುವಾಗ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಬಯಾಪ್ಸಿಯನ್ನು ಆಪರೇಷನ್ ಮಾಡುವ ತಂಡವೇ ಮಾಡಲಿ, ಇಲ್ಲವೇ ಅವರು ಹೇಳಿದ ಜಾಗದಲ್ಲೇ ರೇಡಿಯಾಲಜಿಸ್ಟ್ ಮಾಡಲಿ.

ಯಾವ ಬಯಾಪ್ಸಿ? ಸಣ್ಣ ಸೂಜಿಯಲ್ಲಿ ಕೋಶಗಳನ್ನು ಹೀರುವ ಎಫ್‌ಎನ್‌ಎಸಿ ಥೈರಾಯ್ಡ್ ಗಂಟಿಗೆ ಸರಿಹೋಗುತ್ತದೆ. ಸಾರ್ಕೋಮಾದ ಬಗೆ ಗುರುತಿಸಲು ಅಷ್ಟು ಸಾಮಗ್ರಿ ಸಾಲುವುದಿಲ್ಲ. ಇಲ್ಲಿ ಬೇಕಾದ್ದು ಟ್ರೂಕಟ್ ಬಯಾಪ್ಸಿ, ಅಂದರೆ ದಪ್ಪ ಸೂಜಿಯಲ್ಲಿ ಎಳೆಯಂಥ ತುಂಡುಗಳನ್ನು ತೆಗೆಯುವುದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಫಾರ್ಮಲಿನ್ ತುಂಬಿದ ಸಣ್ಣ ಬಾಟಲಿಯಲ್ಲಿ ಬಿಳಿ ದಾರದ ಚೂರುಗಳಂತೆ ನಾಲ್ಕೈದು ತುಂಡು ತೇಲುತ್ತಿದ್ದುದನ್ನು ನಾನು ಬೆಳಕಿಗೆ ಹಿಡಿದು ನೋಡಿದ್ದೆ. ಸೂಜಿಯ ತುಂಡು ಸಾಲದೆ ಚರ್ಮ ಕೊಯ್ದು ತೆಗೆಯಬೇಕಾಗಿ ಬಂದರೆ ಕೈಕಾಲಿನಲ್ಲಿ ಕೊಯ್ತ ಉದ್ದುದ್ದಕ್ಕೆ ಇರಬೇಕು, ಅಡ್ಡಕ್ಕೆ ಇರಬಾರದು. ಅಡ್ಡ ಕೊಯ್ದರೆ ಮುಂದೆ ತೆಗೆಯಬೇಕಾದ ಜಾಗ ಬಹಳ ಅಗಲವಾಗುತ್ತದೆ.

ನಮ್ಮ ಹುಡುಗನ ಮೊದಲ ಗಾಯ ಅಡ್ಡಕ್ಕಿತ್ತು. ಮಂಡಿಯ ಗೆರೆಯ ಗುಂಟ, ಗುರುತು ಕಾಣದಿರಲೆಂದು ಅಂದವಾಗಿ ಹೊಲಿದಿದ್ದರು.

ಈಗಾಗಲೇ ಗಂಟು ತೆಗೆಸಿಬಿಟ್ಟಿದ್ದರೆ

ಇದು ಅಪರೂಪವೇನಲ್ಲ. ಸಾರ್ಕೋಮಾ ಎಂದು ಗೊತ್ತಿಲ್ಲದೆ ಗಂಟನ್ನಷ್ಟೇ ಕಿತ್ತು ತೆಗೆಯುವುದು ಜಗತ್ತಿನ ಎಲ್ಲ ಕಡೆಯೂ ಆಗುತ್ತದೆ. ಎದೆಗುಂದಬೇಡಿ, ಆದರೆ ತಡವನ್ನೂ ಮಾಡಬೇಡಿ. ರಿಪೋರ್ಟಿನಲ್ಲಿ ಸಾರ್ಕೋಮಾ ಎಂದು ಬಂದ ಕೂಡಲೇ ಆಪರೇಷನ್ ಟಿಪ್ಪಣಿ, ಮೊದಲಿನ ಸ್ಕ್ಯಾನ್ ಏನಿದ್ದರೂ ಅದು, ಪ್ಯಾಥಾಲಜಿ ಸಾಮಗ್ರಿ ಎಲ್ಲ ಹಿಡಿದು ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ. ಗಡ್ಡೆ ಹೋಯಿತಲ್ಲ ಎಂದು ಸುಮ್ಮನಾಗಬಾರದು. ಹೊರಗೆ ಏನೂ ಕಾಣದಿದ್ದರೂ ಒಳಗೆ ಉಳಿದಿರುವುದು ಸಾಮಾನ್ಯ. ಹೊಸದಾಗಿ ಎಂಆರ್‌ಐ ಮಾಡಿ, ಹಳೆಯ ಗಾಯದ ಗುರುತು ಮತ್ತು ಗಡ್ಡೆ ಕೂತಿದ್ದ ಇಡೀ ಹಾಸನ್ನು ಸುತ್ತಲಿನ ಆರೋಗ್ಯವಂತ ಅಂಚಿನ ಸಮೇತ ಮತ್ತೆ ತೆಗೆಯುವುದು ವಾಡಿಕೆ.

ಮತ್ತೆ ಯಾರಾದರೂ ನಿಮ್ಮ ಮನೆಯಲ್ಲಿ ಯಾವುದೇ ಗಂಟು ತೆಗೆಸಿದರೆ, ಅದು ಕಡಲೆಕಾಳಿನಷ್ಟೇ ಇರಲಿ, "ಇದನ್ನು ಬಯಾಪ್ಸಿಗೆ ಕಳಿಸಿ" ಎಂದು ಆಪರೇಷನ್ನಿಗೆ ಮುಂಚೆಯೇ ಹೇಳಿ.

ನಾಲ್ಕನೆಯದು: ರಿಪೋರ್ಟ್ ಓದುವುದು, ಬ್ಲಾಕ್ ಜೋಪಾನ ಮಾಡುವುದು

ಪ್ಯಾಥಾಲಜಿ ರಿಪೋರ್ಟಿನಲ್ಲಿ ಮೊನೋಫೇಸಿಕ್, ಬೈಫೇಸಿಕ್ ಎಂಬ ಮಾತು ಬರಬಹುದು. ಸೂಜಿಯಾಕಾರದ ಕೋಶಗಳು ಮಾತ್ರ ಇದ್ದರೆ ಮೊನೋಫೇಸಿಕ್. ಅವುಗಳ ಜೊತೆ ಗ್ರಂಥಿಯಂತೆ ಜೋಡಿಸಿಕೊಂಡ ಕೋಶಗಳೂ ಇದ್ದರೆ ಬೈಫೇಸಿಕ್. ಇನ್ನೊಂದು, ಹೆಚ್ಚು ಉಗ್ರವಾದ, ಸರಿಯಾಗಿ ರೂಪುಗೊಳ್ಳದ ಕೋಶಗಳ ಬಗೆ. ಗ್ರೇಡ್ ಎಂದು ಒಂದು ಅಂಕಿ ಇರುತ್ತದೆ. ಸೈನೋವಿಯಲ್ ಸಾರ್ಕೋಮಾದಲ್ಲಿ ಅದು 2 ಅಥವಾ 3. ಗ್ರೇಡ್ ಮತ್ತು ಸ್ಟೇಜ್ ಒಂದೇ ಎಂದು ನಾವು ವಾರಗಟ್ಟಲೆ ಅಳುತ್ತಿದ್ದೆವು. ಗ್ರೇಡ್ ಎಂದರೆ ಕೋಶಗಳ ಉಗ್ರತೆ, ಸ್ಟೇಜ್ ಎಂದರೆ ಕಾಯಿಲೆ ಎಲ್ಲಿಯವರೆಗೆ ಹೋಗಿದೆ ಎಂಬುದು. ಗ್ರೇಡ್ 3 ಎಂದರೆ ಮೂರನೇ ಹಂತ ಎಂದು ಅರ್ಥವಲ್ಲ.

ಐಎಚ್‌ಸಿ ಎಂಬ ಬಣ್ಣದ ಪರೀಕ್ಷೆಗಳ ಪಟ್ಟಿ ಇರುತ್ತದೆ. ಟಿಎಲ್‌ಇ1 ಎಂಬ ಪ್ರೋಟೀನು ಪಾಸಿಟಿವ್ ಎಂದಿದ್ದರೆ ಈ ಕಾಯಿಲೆಯ ಕಡೆ ಬೆರಳು ತೋರಿಸುತ್ತದೆ, ಅದೊಂದೇ ಸಾಲದು. ಎಸ್‌ಎಸ್18 ಬೆಸುಗೆಯನ್ನು ಹುಡುಕುವ ಫಿಶ್ ಪರೀಕ್ಷೆಯೋ, ಬೆಸೆದ ಪ್ರೋಟೀನನ್ನೇ ಹಿಡಿಯುವ ಹೊಸ ಐಎಚ್‌ಸಿಯೋ ಆಗಿದೆಯೇ ಎಂದು ಕೇಳಿ. ಬೇರೆ ಕೆಲವು ಗಡ್ಡೆಗಳೂ ಸೂಕ್ಷ್ಮದರ್ಶಕದಲ್ಲಿ ಹೀಗೇ ಕಾಣುವುದರಿಂದ ಇದು ಮುಖ್ಯ. ಇಂಥ ಅಪರೂಪದ ಗಡ್ಡೆಯಲ್ಲಿ ಎರಡನೇ ಪ್ಯಾಥಾಲಜಿಸ್ಟ್ ನೋಡುವುದು ಅವಮಾನದ ವಿಷಯವಲ್ಲ. ದೊಡ್ಡ ಆಸ್ಪತ್ರೆಗಳು ತಾವೇ ಮತ್ತೆ ನೋಡದೆ ಚಿಕಿತ್ಸೆ ಶುರು ಮಾಡುವುದಿಲ್ಲ.

ಅದಕ್ಕೆ ಬೇಕಾದ್ದು ಬ್ಲಾಕ್ ಮತ್ತು ಸ್ಲೈಡ್. ಬ್ಲಾಕ್ ಎಂದರೆ ಬಯಾಪ್ಸಿಯ ತುಂಡನ್ನು ಮೇಣದಲ್ಲಿ ಹೂತಿಟ್ಟ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ನಂಬರು, ಮಧ್ಯೆ ಬಿಳಿ ಮೇಣದೊಳಗೆ ಕಂದು ಗೆರೆಯಂತೆ ಕಾಣುವ ತುಂಡು. ಲ್ಯಾಬಿನಲ್ಲಿ ಅರ್ಜಿ ಬರೆದು, ಸಹಿ ಹಾಕಿ ಪಡೆಯಬೇಕು. ನಂಬರು ನಿಮ್ಮ ರಿಪೋರ್ಟಿನ ನಂಬರಿಗೆ ತಾಳೆಯಾಗುತ್ತದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಸ್ಲೈಡುಗಳು ಗಾಜಿನವು, ಪ್ಲಾಸ್ಟಿಕ್ ಸ್ಲೈಡ್ ಡಬ್ಬಿಯಲ್ಲೇ ಕೇಳಿ ಪಡೆಯಿರಿ. ಮೇಣ ಬಿಸಿಲಿಗೆ ಕರಗಬಹುದು: ಬಸ್ಸಿನಲ್ಲಿ ಹೋಗುವಾಗ ಎಂಜಿನ್ ಪಕ್ಕ, ಕಾರಿನಲ್ಲಾದರೆ ಬಿಸಿಲು ಬೀಳುವ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ನಾನು ಅದನ್ನು ಹತ್ತಿಯಲ್ಲಿ ಸುತ್ತಿ, ಟಿಫಿನ್ ಡಬ್ಬಿಯಲ್ಲಿಟ್ಟು, ಮಡಿಲಲ್ಲಿ ಹಿಡಿದುಕೊಂಡೇ ಬೆಂಗಳೂರಿಗೆ ಹೋದೆ. ಅದು ಕಳೆದರೆ ಮತ್ತೆ ಸೂಜಿ ಚುಚ್ಚಬೇಕು. ಮೊದಲ ಆಪರೇಷನ್ನಿನ ತುಂಡಾಗಿದ್ದರೆ ಮತ್ತೆ ಸಿಗುವುದೇ ಇಲ್ಲ.

ಕಡತದ ಬಗ್ಗೆ ಒಂದು ಮಾತು. ರೋಗಿಯೋ ಅವರ ಕಡೆಯವರೋ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲೇ ಇದೆ. ಬಾಯಲ್ಲಿ ಕೇಳಿ ಬರಬೇಡಿ, ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.

ಐದನೆಯದು: ಎದೆಯ ಸಿಟಿ

ಸೈನೋವಿಯಲ್ ಸಾರ್ಕೋಮಾ ಹರಡಿದರೆ ಬಹುತೇಕ ಮೊದಲು ಹೋಗುವುದು ಶ್ವಾಸಕೋಶಕ್ಕೆ. ಅದಕ್ಕೆ ಎದೆಯ ಸಿಟಿ ಸ್ಕ್ಯಾನ್ ತಪ್ಪದೆ ಮಾಡಿಸುತ್ತಾರೆ. ಒಂದೆರಡು ಮಿಲಿಮೀಟರಿನ ಚುಕ್ಕೆ ಕಂಡಿತೆಂದು ರಿಪೋರ್ಟಿನಲ್ಲಿ ಬಂದರೆ ಗಾಬರಿಯಾಗಬೇಡಿ. ಹಳೆಯ ಟಿಬಿಯ ಕಲೆ, ಸಣ್ಣ ಸೋಂಕಿನ ಗುರುತು ನಮ್ಮ ದೇಶದಲ್ಲಿ ಬಹಳ ಜನರ ಎದೆಯಲ್ಲಿ ಇರುತ್ತದೆ. ಕೆಲವು ವಾರ ಬಿಟ್ಟು ಮತ್ತೊಂದು ಸಿಟಿ ತೆಗೆದು ಹೋಲಿಸುತ್ತಾರೆ.

ಆರನೆಯದು: ಎಲ್ಲಿಗೆ ಹೋಗಬೇಕು, ಹಣದ ದಾರಿ ಯಾವುದು

ಕ್ಯಾನ್ಸರ್ ಶಸ್ತ್ರಚಿಕಿತ್ಸಕ, ರೇಡಿಯೇಶನ್ ವೈದ್ಯ, ಕೀಮೋ ವೈದ್ಯ, ಪ್ಯಾಥಾಲಜಿಸ್ಟ್, ರೇಡಿಯಾಲಜಿಸ್ಟ್ ಎಲ್ಲರೂ ಒಟ್ಟಿಗೆ ಕೂತು ಒಬ್ಬ ರೋಗಿಯ ಬಗ್ಗೆ ತೀರ್ಮಾನಿಸುವ ಪದ್ಧತಿಗೆ ಟ್ಯೂಮರ್ ಬೋರ್ಡ್ ಎನ್ನುತ್ತಾರೆ. ಅದು ಇರುವ ಆಸ್ಪತ್ರೆ ಹುಡುಕಿ. ಕಟ್ಟಡ ಎಷ್ಟು ದೊಡ್ಡದು ಎಂಬುದಕ್ಕಿಂತ "ವರ್ಷಕ್ಕೆ ಎಷ್ಟು ಸಾರ್ಕೋಮಾ ನೋಡುತ್ತೀರಿ?" ಎಂಬ ಪ್ರಶ್ನೆಗೆ ಬರುವ ಉತ್ತರ ಹೆಚ್ಚು ತಿಳಿಸುತ್ತದೆ. ಕರ್ನಾಟಕದಲ್ಲಿ ಸರ್ಕಾರದ ಕಡೆಯಿಂದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮೂಳೆ ಮತ್ತು ಮೃದು ಅಂಗಾಂಶದ ಗಡ್ಡೆಗಳಿಗೇ ಪ್ರತ್ಯೇಕ ತಂಡವಿದೆ. ಬೆಳಗಾವಿ, ಹುಬ್ಬಳ್ಳಿ ಕಡೆಯವರಿಗೆ ಅದೇನೂ ಬಹಳ ದೂರವಲ್ಲ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಎಂದು ಯೋಜನೆ ಶುರುವಾದಾಗಿನ ಲೆಕ್ಕ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಆಸ್ಪತ್ರೆಯೊಳಗೆ ಆರೋಗ್ಯಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ. ಅಡ್ಮಿಟ್ ಆಗುವ ಮೊದಲೇ ಅವರ ಬಳಿ ಹೋಗಿ. ದುಡ್ಡು ಕಟ್ಟಿದ ಮೇಲೆ ಹೋದರೆ ಅವರ ಕೈಯೂ ಕಟ್ಟಿಹೋಗುತ್ತದೆ. ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಮೂನೆ ತುಂಬಿಸಿಕೊಳ್ಳಬೇಕು.

ಏಳನೆಯದು: ಚಿಕಿತ್ಸೆ

ಅಕ್ಕ ಕೇಳಿದ ಮೊದಲ ಪ್ರಶ್ನೆ, "ಕಾಲು ತೆಗೀತಾರಾ?" ಒಂದು ಕಾಲದಲ್ಲಿ ತೆಗೆಯುತ್ತಿದ್ದರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ 43 ರೋಗಿಗಳ ಮೇಲೆ ನಡೆದು 1982ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೈಕಾಲು ಉಳಿಸಿ ಗಡ್ಡೆ ತೆಗೆದು ರೇಡಿಯೇಶನ್ ಕೊಟ್ಟವರೂ, ಅಂಗ ಕತ್ತರಿಸಿದವರೂ ಬದುಕುಳಿಯುವುದರಲ್ಲಿ ಸಮವಾಗಿಯೇ ಇದ್ದರು ಎಂದು ತೋರಿಸಿತು. ಅಲ್ಲಿಂದ ದಾರಿ ಬದಲಾಯಿತು. ಈಗ ಹೆಚ್ಚಿನವರಿಗೆ ಕಾಲು ಉಳಿಯುತ್ತದೆ.

ಆಪರೇಷನ್ನಿನ ಗುರಿ ಗಡ್ಡೆಯನ್ನು ಕಣ್ಣಿನಿಂದಲೂ ನೋಡದೆ, ಸುತ್ತ ಆರೋಗ್ಯವಂತ ಅಂಗಾಂಶದ ಹೊದಿಕೆಯೊಂದಿಗೆ ಇಡಿಯಾಗಿ ತೆಗೆಯುವುದು. ಹಲಸಿನ ತೊಳೆ ಬಿಡಿಸುವ ಹಾಗಲ್ಲ, ಮಣ್ಣಿನ ಹೆಂಟೆಯ ಸಮೇತ ಸಸಿ ಕೀಳುವ ಹಾಗೆ ಎಂದು ನಮಗೆ ಅರ್ಥ ಮಾಡಿಸಿದರು. ರಿಪೋರ್ಟಿನಲ್ಲಿ ಆರ್0 ಎಂದಿದ್ದರೆ ಅಂಚಿನಲ್ಲಿ ಸೂಕ್ಷ್ಮದರ್ಶಕಕ್ಕೂ ಗಡ್ಡೆ ಕಾಣಲಿಲ್ಲ, ಆರ್1 ಎಂದರೆ ಸೂಕ್ಷ್ಮದರ್ಶಕದಲ್ಲಿ ಕಂಡಿದೆ, ಆರ್2 ಎಂದರೆ ಕಣ್ಣಿಗೇ ಕಾಣುವಷ್ಟು ಉಳಿದಿದೆ. ಮಂಡಿಯ ಹಿಂದೆ ಕಾಲಿನ ಮುಖ್ಯ ರಕ್ತನಾಳ, ನರ ಎರಡೂ ಹಾದುಹೋಗುವುದರಿಂದ ಜಾಗ ಬಹಳ ಇಕ್ಕಟ್ಟು. ನಮ್ಮ ಹುಡುಗನಿಗೆ ಹಳೆಯ ಅಡ್ಡಗಾಯದ ಅಗಲದಷ್ಟೂ ಚರ್ಮ ತೆಗೆಯಬೇಕಾಯಿತು, ಮೀನಖಂಡದ ಸ್ನಾಯುವನ್ನು ತಿರುಗಿಸಿ ಮುಚ್ಚಿದರು.

ರೇಡಿಯೇಶನ್ನಿಗೆ ನಮ್ಮ ಕಡೆ ಕರೆಂಟ್ ಕೊಡುವುದು ಎನ್ನುತ್ತಾರೆ. ಶಾಕ್ ಹೊಡೆಯುವುದಿಲ್ಲ, ಆ ಹೊತ್ತಿಗೆ ನೋವೂ ಇರುವುದಿಲ್ಲ. ಆಪರೇಷನ್ನಿಗೆ ಮೊದಲು ಕೊಟ್ಟರೆ ಸಾಮಾನ್ಯವಾಗಿ 50 ಗ್ರೇ (ರೇಡಿಯೇಶನ್ ಅಳೆಯುವ ಮಾನ), 25 ದಿನಗಳಿಗೆ ಹಂಚಿ, ವಾರಕ್ಕೆ ಐದು ದಿನದಂತೆ ಐದು ವಾರ. ಆಮೇಲೆ ಕೊಟ್ಟರೆ ಪ್ರಮಾಣವೂ ಹೆಚ್ಚು, ಜಾಗವೂ ದೊಡ್ಡದು. ಯಾವುದು ಒಳ್ಳೆಯದು? ಕೆನಡಾದಲ್ಲಿ ನಡೆದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೊದಲು ಕೊಟ್ಟವರಲ್ಲಿ ನೂರಕ್ಕೆ 35 ಜನರಿಗೆ ಗಾಯ ಮಾಯುವ ತೊಂದರೆ ಬಂದಿತ್ತು, ಆಮೇಲೆ ಕೊಟ್ಟವರಲ್ಲಿ ನೂರಕ್ಕೆ 17. ಆದರೆ ಆಮೇಲೆ ಕೊಟ್ಟವರಲ್ಲಿ ವರ್ಷಗಳು ಕಳೆದಂತೆ ಕಾಲು ಬಿರುಸಾಗುವುದು ಹೆಚ್ಚು. ಗಾಯ ಮಾಯುತ್ತದೆ, ಬಿರುಸು ಉಳಿದುಬಿಡುತ್ತದೆ. ಹರೆಯದವರಿಗೆ ಇದನ್ನು ವೈದ್ಯರ ಜೊತೆ ಮಾತಾಡಿ ತೀರ್ಮಾನಿಸಿ.

ಕೀಮೋ ಎಲ್ಲರಿಗೂ ಬೇಕಾಗುವುದಿಲ್ಲ. ಗಡ್ಡೆ ದೊಡ್ಡದಿದ್ದರೆ, ಆಳದಲ್ಲಿದ್ದರೆ, ಮರಳಿ ಬಂದಿದ್ದರೆ, ಹರಡಿದ್ದರೆ ಚರ್ಚೆಗೆ ಬರುತ್ತದೆ. ಸಾರ್ಕೋಮಾಗಳಲ್ಲಿ ಕೀಮೋಗೆ ಸ್ವಲ್ಪ ಚೆನ್ನಾಗಿ ಬಗ್ಗುವ ಬಗೆ ಇದು. ಔಷಧಿಗಳು ಡಾಕ್ಸೋರುಬಿಸಿನ್ ಮತ್ತು ಐಫೋಸ್ಫಮೈಡ್. ಮೊದಲನೆಯದು ಕೆಂಪು ಬಣ್ಣದ್ದು, ಒಂದೆರಡು ದಿನ ಮೂತ್ರ ಕೆಂಪಗೆ ಹೋದರೆ ರಕ್ತವೆಂದು ಹೆದರಬೇಡಿ. ಅದು ಹೃದಯದ ಮೇಲೆ ಪರಿಣಾಮ ಬೀರಬಲ್ಲದು, ಅದಕ್ಕೇ ಮೊದಲು ಎಕೋ ಮಾಡಿಸುತ್ತಾರೆ. ಎರಡನೆಯದು ಮೂತ್ರಕೋಶಕ್ಕೆ ಗಾಯ ಮಾಡದಿರಲೆಂದು ಮೆಸ್ನಾ ಎಂಬ ಔಷಧಿಯನ್ನು ಜೊತೆಗೆ ಕೊಡುತ್ತಾರೆ. ರೋಗಿ ಮಂಕಾದರೆ, ಅಸಂಬದ್ಧ ಮಾತಾಡಿದರೆ ತಕ್ಷಣ ನರ್ಸ್‌ಗೆ ತಿಳಿಸಿ. ಐಫೋಸ್ಫಮೈಡ್ ಮೆದುಳಿಗೆ ಹಾಗೆ ಮಾಡುವುದುಂಟು. ಮನೆಗೆ ಬಂದ ಮೇಲೆ ಜ್ವರ 100.4 ಡಿಗ್ರಿ ಮುಟ್ಟಿದರೆ ಡೋಲೋ ನುಂಗಿಸಿ ಬೆಳಗಿನವರೆಗೆ ಕಾಯಬೇಡಿ. ರಾತ್ರಿ ಎರಡಾಗಿದ್ದರೂ ಆಸ್ಪತ್ರೆಗೆ ಹೊರಡಿ.

ಮತ್ತೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಔಷಧಿಗಳಿಂದ ಮುಂದೆ ಮಕ್ಕಳಾಗುವ ಶಕ್ತಿ ಕುಂದಬಹುದು. ಗಂಡುಮಕ್ಕಳಿಗೆ ಕೀಮೋಗೂ ಮುಂಚೆ ವೀರ್ಯ ಸಂಗ್ರಹಿಸಿ ಇಡುವ ವ್ಯವಸ್ಥೆ ಇದೆ, ಒಂದೆರಡು ದಿನದ ಕೆಲಸ. ಹೆಣ್ಣುಮಕ್ಕಳಿಗೆ ಅಂಡಾಣು ಸಂಗ್ರಹ ಇದೆ, ಅದಕ್ಕೆ ಸುಮಾರು ಎರಡು ವಾರ ಬೇಕು. ಅಕ್ಕನಿಗೆ ಮಗನ ಮುಂದೆ ಈ ಮಾತೆತ್ತಲು ಆಗಲಿಲ್ಲ, ನಾನೇ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಕಾಫಿ ಲೋಟ ತಿರುಗಿಸುತ್ತಾ, "ಎಲ್ಲಿಗೆ ಹೋಗಬೇಕು ಚಿಕ್ಕಮ್ಮ?" ಎಂದಷ್ಟೇ ಕೇಳಿದ. ಕೀಮೋ ಶುರುವಾಗುವ ಮೊದಲೇ ಕೇಳಿ, ಆಮೇಲೆ ಕೇಳಿ ಪ್ರಯೋಜನವಿಲ್ಲ.

ಹರಡಿದ್ದರೂ ದಾರಿಗಳಿವೆ. ಶ್ವಾಸಕೋಶದಲ್ಲಿ ಕೆಲವೇ ಗಂಟುಗಳಿದ್ದರೆ ಅವನ್ನು ಆಪರೇಷನ್ ಮಾಡಿ ತೆಗೆಯುವುದುಂಟು. ಪಾಜೋಪನಿಬ್ ಎಂಬ ಮಾತ್ರೆ ಇದೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬೇಕು, ಲಿವರ್ ಪರೀಕ್ಷೆ ಆಗಾಗ ಆಗಬೇಕು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ರೋಗಿಯ ರಕ್ತದ ಟಿ ಕೋಶಗಳನ್ನೇ (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ತೆಗೆದು ಪ್ರಯೋಗಾಲಯದಲ್ಲಿ ತರಬೇತುಗೊಳಿಸಿ ವಾಪಸ್ ಏರಿಸುವ ಅಫಾಮಿಟ್ರೆಸ್‌ಜೀನ್ ಆಟೊಲ್ಯೂಸೆಲ್ ಎಂಬ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಮೊದಲು ಕೀಮೋ ಪಡೆದಿರುವ, ಹರಡಿದ ಸೈನೋವಿಯಲ್ ಸಾರ್ಕೋಮಾದ ವಯಸ್ಕರಿಗಾಗಿ ಅದು. ರೋಗಿಯ ಎಚ್‌ಎಲ್‌ಎ (ಕೋಶಗಳ ಮೇಲಿನ ಗುರುತಿನ ಪ್ರೋಟೀನುಗಳು) ಗುಂಪು ಹೊಂದಬೇಕು, ಗಡ್ಡೆಯಲ್ಲಿ ಮೇಜ್‌ಎ4 ಎಂಬ ಪ್ರೋಟೀನು ಇರಬೇಕು. ಗಟ್ಟಿ ಗಡ್ಡೆಗಳಿಗೆ ಇಂಥ ಮಾರ್ಪಡಿಸಿದ ಟಿ ಕೋಶದ ಚಿಕಿತ್ಸೆ ಒಪ್ಪಿಗೆ ಪಡೆದದ್ದು ಅದೇ ಮೊದಲು. ಅಂದಹಾಗೆ, ಆ ಪ್ರೋಟೀನಿನ ಪರೀಕ್ಷೆ ಮಾಡುವುದೂ ಮೇಣದ ಆ ಬ್ಲಾಕಿನಿಂದಲೇ.

ಎಂಟನೆಯದು: ಮುಗಿದ ಮೇಲೂ ಮುಗಿಯದ್ದು

ಫಿಸಿಯೋಥೆರಪಿಯನ್ನು ಹೊಲಿಗೆ ಬಿಚ್ಚಿದ ವಾರದಿಂದಲೇ, ಶಸ್ತ್ರಚಿಕಿತ್ಸಕರು ಒಪ್ಪಿದ ಹಾಗೆ, ಶುರು ಮಾಡಿ. ರೇಡಿಯೇಶನ್ ಕೊಟ್ಟ ಕೀಲು ಬಳಸದಿದ್ದರೆ ಬಿಗಿದುಕೊಳ್ಳುತ್ತದೆ. ನಮ್ಮ ಹುಡುಗನಿಗೆ ಈಗಲೂ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಊಟ ಮಾಡಲು ಆಗುವುದಿಲ್ಲ, ಸೈಕಲ್ ಹೊಡೆಯುತ್ತಾನೆ.

ಮೊದಲ ಎರಡು ಮೂರು ವರ್ಷ 3ರಿಂದ 4 ತಿಂಗಳಿಗೊಮ್ಮೆ, ಐದು ವರ್ಷದವರೆಗೆ 6 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಗಾಯದ ಜಾಗ ಮತ್ತು ಎದೆ ಎರಡರ ತಪಾಸಣೆ. ಐದು ವರ್ಷ ದಾಟಿತು ಎಂದು ಈ ಕಾಯಿಲೆಯಲ್ಲಿ ಕಡತ ಕಟ್ಟಿಡುವ ಹಾಗಿಲ್ಲ. ಹತ್ತು ವರ್ಷದ ನಂತರವೂ ಮರಳಿ ಬಂದ ಉದಾಹರಣೆಗಳಿವೆ. ಕೆಲಸ ಬದಲಾಗಲಿ, ಊರು ಬದಲಾಗಲಿ, ಮದುವೆಯಾಗಿ ಬೇರೆ ದೇಶಕ್ಕೇ ಹೋಗಲಿ, ಸ್ಕ್ಯಾನಿನ ಸಿ.ಡಿಗಳು, ಆಪರೇಷನ್ ಟಿಪ್ಪಣಿ, ಎಷ್ಟು ಡಾಕ್ಸೋರುಬಿಸಿನ್ ಕೊಟ್ಟರು ಎಂಬ ಲೆಕ್ಕ ಜೊತೆಗಿರಲಿ. ಆ ಔಷಧಿಗೆ ಜೀವಮಾನದ ಮಿತಿ ಇದೆ, ಮುಂದಿನ ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ.

ತಿಂಗಳಿಗೊಮ್ಮೆ, ಸ್ನಾನದ ಹೊತ್ತಿನಲ್ಲಿ ಸೋಪಿನ ಕೈಯಿಂದ ಗಾಯದ ಗೆರೆಯ ಉದ್ದಕ್ಕೂ ನಾಲ್ಕು ಬೆರಳು ಒತ್ತಿ ಆಡಿಸಿ. ಆಪರೇಷನ್ ಆದ ಜಾಗ ಹೇಗೂ ಗಂಟುಗಂಟಾಗಿರುತ್ತದೆ, ಒಂದೆರಡು ತಿಂಗಳಲ್ಲಿ ನಿಮ್ಮ ಬೆರಳಿಗೆ ಅದರ ಪರಿಚಯವಾಗುತ್ತದೆ. ಹೋದ ತಿಂಗಳು ಇಲ್ಲದ ಗಟ್ಟಿ ಈ ತಿಂಗಳು ಸಿಕ್ಕರೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಇಟ್ಟುಕೊಳ್ಳಬೇಡಿ, ಅದೇ ವಾರ ಹೋಗಿ ತೋರಿಸಿ.